ಪಂಪಿನ ಕೋಣೆಯ ಗೋಡೆಯಿಂದ ಹೋಮ್‌ಬಾಕ್ಸ್‌ಗೆ

ಕಳೆದ ಏಪ್ರಿಲ್‌ನಲ್ಲಿ ಉದ್ಯಾವರದ ನಮ್ಮ ಮನೆಯ ಬಾವಿಯ ಪಂಪು ಸುಟ್ಟುಹೋದಾಗ, ರಿಪೇರಿಗೆ ಬಂದ ಇಲೆಕ್ಟ್ರಿಶಿಯನ್ ಮೊದಲು ಕೇಳಿದ್ದು, ಹಿಂದೆ ಇದಕ್ಕೆ ರಿವೈಂಡಿಂಗ್, ಅಂದರೆ ಮೋಟಾರಿನ ತಂತಿಯನ್ನು ಹೊಸದಾಗಿ ಸುತ್ತಿಸುವ ಕೆಲಸ, ಮಾಡಿಸಿದ್ದು ಯಾವಾಗ ಎಂದು. ತಂದೆಯವರು ಅಂಥ ತಾರೀಕುಗಳನ್ನೆಲ್ಲ ಪಂಪಿನ ಕೋಣೆಯ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದರು. ಅವರು ತೀರಿಕೊಂಡ ಮರುವರ್ಷ ನಾನೇ ನಿಂತು ಆ ಗೋಡೆಗೆ ಸುಣ್ಣ ಬಳಿಸಿದ್ದೆ. ಉತ್ತರ ಕೊಡಲಾಗದ ಆ ದಿನವೇ ಮನೆಯ ದುರಸ್ತಿಯ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಇಡಬೇಕೆಂದು ತೀರ್ಮಾನಿಸಿದೆ.

ಹುಡುಕಿದಾಗ ಸಿಕ್ಕವುಗಳಲ್ಲಿ ಗ್ರೋಸಿ ಮತ್ತು ಹೋಮ್‌ಬಾಕ್ಸ್ ಎರಡೂ ಮುಕ್ತ ತಂತ್ರಾಂಶಗಳು. ಗ್ರೋಸಿಯು ಮುಖ್ಯವಾಗಿ ದಿನಸಿಯ ಲೆಕ್ಕಕ್ಕಾಗಿ ಇರುವಂಥದು, ಮನೆಗೆಲಸಗಳ ವಿಭಾಗವೂ ಅದರಲ್ಲಿದೆ. ನನಗೆ ಬೇಕಿದ್ದುದು ಪ್ರತಿಯೊಂದು ವಸ್ತುವಿನ ಚರಿತ್ರೆಯಾದ್ದರಿಂದ ಹೋಮ್‌ಬಾಕ್ಸ್ ಹಿಡಿಸಿತು. ಹಳೆಯ ಲ್ಯಾಪ್‌ಟಾಪಿನಲ್ಲಿ ಡಾಕರ್ (ತಂತ್ರಾಂಶವನ್ನು ಅದಕ್ಕೆ ಬೇಕಾದುದೆಲ್ಲದರೊಂದಿಗೆ ಒಂದು ಪೊಟ್ಟಣವಾಗಿ ನಡೆಸುವ ಸಾಧನ) ಮೂಲಕ ಅದನ್ನು ಹಾಕಿಕೊಂಡೆ. ಮನೆಯ ವೈಫೈ ಇರುವಲ್ಲೆಲ್ಲ ಮೊಬೈಲಿನ ಬ್ರೌಸರಿನಲ್ಲಿ ತೆರೆಯುತ್ತದೆ. ವಸ್ತು ಇರುವ ಜಾಗ, ಕೊಂಡ ದಿನ, ಸೀರಿಯಲ್ ನಂಬರು, ವಾರಂಟಿ ಮುಗಿಯುವ ದಿನ, ಬಿಲ್ಲಿನ ಫೋಟೋ ಇವೆಲ್ಲಕ್ಕೂ ಅಲ್ಲಿ ಸ್ಥಳವಿದೆ. ಅದಕ್ಕಿಂತ ಮುಖ್ಯವಾಗಿ, ಪ್ರತಿ ವಸ್ತುವಿಗೂ ಒಂದು ದುರಸ್ತಿ ದಾಖಲೆಯಿದ್ದು, ಮಾಡಿಸಬೇಕಾದ ದಿನ, ಮಾಡಿಸಿದ ದಿನ ಮತ್ತು ತಗಲಿದ ಖರ್ಚನ್ನು ಅದರಲ್ಲಿ ಬರೆಯಬಹುದು.

ಆರಂಭಿಸುವವರು ಮನೆಯಲ್ಲಿರುವುದನ್ನೆಲ್ಲ ಒಂದೇ ದಿನ ತುಂಬಿಸಲು ಹೋಗಬಾರದು. ಮಿಕ್ಸಿಯಿಂದ ಮೇಜಿನವರೆಗೆ ಬರೆಯುತ್ತ ಕುಳಿತವರು ವಾರದೊಳಗೆ ಕೈಬಿಡುತ್ತಾರೆ. ಕೆಟ್ಟರೆ ಮನೆಯೇ ನಿಂತುಹೋಗುವಂಥ ನಾಲ್ಕನ್ನು ಮಾತ್ರ ನಾನು ಆರಿಸಿಕೊಂಡೆ: ಪಂಪು, ಇನ್ವರ್ಟರಿನ ಬ್ಯಾಟರಿ, ನೀರಿನ ಟ್ಯಾಂಕಿ, ಹಂಚಿನ ಮಾಡು. ಬ್ಯಾಟರಿಯಲ್ಲಿ ನೀರು ಇಳಿದು ಪ್ಲೇಟುಗಳು ಗಾಳಿಗೆ ಬಿದ್ದರೆ ಅವು ಹಾಳಾಗುತ್ತವೆ. ಸೆಕೆಗಾಲದಲ್ಲಿ ನೀರು ಬೇಗ ಆರುವುದರಿಂದ ಡಿಸ್ಟಿಲ್ಡ್ ವಾಟರ್ ನೋಡುವ ದಿನಗಳನ್ನು ಮಾರ್ಚ್‌ನಿಂದ ಮೇವರೆಗೆ ಹತ್ತಿರ ಹತ್ತಿರ ಇಟ್ಟಿದ್ದೇನೆ.

ಮಾಡಿನ ವಿಷಯ ಬೇರೆ. ಬೇಸಿಗೆಯಲ್ಲಿ ಹಂಚು ಕೈಯಾಡಿಸುವವರು, ಅಂದರೆ ಮಾಡಿನ ಹಂಚುಗಳನ್ನು ತೆಗೆದು ಸರಿಪಡಿಸಿ ಮತ್ತೆ ಹೊದಿಸುವವರು, ಸಿಗುವುದೇ ಕಷ್ಟ, ಮಳೆ ಹಿಡಿದ ಮೇಲಂತೂ ಯಾರೂ ಮೇಲೆ ಹತ್ತುವಂತಿಲ್ಲ. ಆದ್ದರಿಂದ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಪತ್ತನಾಜೆಯನ್ನು, ಅಂದರೆ ಮೇ 24ರ ಆಸುಪಾಸಿನ ದಿನವನ್ನು, ಕೊನೆಯ ಗಡುವಾಗಿ ಬರೆದು, ಕೆಲಸದವರಿಗೆ ಹೇಳಿಡುವ ದಿನವನ್ನು ಅದಕ್ಕೆ ಎರಡು ತಿಂಗಳು ಮೊದಲೇ ಬೇರೆಯಾಗಿ ನಮೂದಿಸಿದ್ದೇನೆ. ಇದರೊಂದಿಗೆ ಒಂದು ಹಂಚನ್ನು ಕೆಳಗಿಳಿಸಿ, ಪಾಚಿ ಉಜ್ಜಿ, ಅದರ ಮೇಲೆ ಅಚ್ಚಾಗಿರುವ ಕಾರ್ಖಾನೆಯ ಹೆಸರಿನ ಫೋಟೋ ತೆಗೆದು ಸೇರಿಸಿದೆ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯಲ್ಲಿ ಎಷ್ಟೋ ಕಾರ್ಖಾನೆಗಳು ಬಂದವು, ಹಲವು ಮುಚ್ಚಿದವು. ಒಂದರ ಹಂಚು ಇನ್ನೊಂದರ ಹಂಚಿಗೆ ಸರಿಯಾಗಿ ಕಚ್ಚಿಕೊಳ್ಳದೆ ಅಲ್ಲೇ ಸೋರತೊಡಗುವುದರಿಂದ, ಹಳೆ ಹಂಚು ಮಾರುವವರ ಬಳಿ ಹೋದಾಗ ಆ ಫೋಟೋ ಬೇಕೇ ಬೇಕಾಗುತ್ತದೆ.

ಹಳೆಯ ತಾರೀಕುಗಳಲ್ಲಿ ಸಿಕ್ಕಷ್ಟನ್ನು ಅಮ್ಮ ಡಬ್ಬಿಯಲ್ಲಿಟ್ಟಿದ್ದ ರಶೀದಿಗಳಿಂದ ತುಂಬಿಸಿದೆ. ಹೋಮ್‌ಬಾಕ್ಸಿನ ಮಾಹಿತಿಯೆಲ್ಲ ಇರುವ ಫೋಲ್ಡರನ್ನು ಪ್ರತಿ ತಿಂಗಳ ಒಂದನೇ ತಾರೀಕಿಗೆ ಪೆನ್‌ಡ್ರೈವ್‌ಗೆ ನಕಲು ಮಾಡಿ, ತಂಗಿಯ ಮನೆಯಲ್ಲೂ ಒಂದು ಪ್ರತಿ ಇಡುತ್ತಿದ್ದೇನೆ.