ಒಡ್ಡಿನ ದಂಡ, ಅಡ್ವಾನ್ಸ್ ಸಮೇತ

"ಮುಂದಿನ ವರ್ಷದ್ದೂ ಸೇರ್ಸಿ ಕೊಟ್ಟಿದ್ದಿ ಮಾವ."

ಸ್ಕೂಟಿ ಇಳಿಯದೆ, ಹೆಲ್ಮೆಟ್ಟೂ ತೆಗೆಯದೆ ಹುಡುಗ ಎರಡು ಐನೂರರ ನೋಟು ಚಾಚಿದ. ಬೆಂಗಳೂರಿನ ಗೆಳೆಯರು ಬಂದಿದ್ದರಂತೆ, ಗೋಕರ್ಣಕ್ಕೆ ಹೊರಟಿದ್ದ. ಹಳ್ಳದಲ್ಲಿ ಮೊಣಕಾಲು ಮಟ್ಟ ನೀರಿನಲ್ಲಿದ್ದ ಮಾವ ಮೇಲೆ ಬಂದು, ಪಂಚೆಗೆ ಕೈ ಒರೆಸಿಕೊಂಡು ತಗೊಂಡರು. ಬಯ್ಯಬೇಕೋ ರಸೀದಿ ಕೊಡಬೇಕೋ ತಿಳಿಯದೆ "ಆತು ಅಪೀ" ಅಂದರು. ಭಾನುವಾರದಿಂದ ನನಗೆ ಅದೇ ಕೇಳಿಸುತ್ತಿದೆ. ಮುಂದಿನ ವರ್ಷದ್ದೂ!

ಶಿರಸಿ ಕಡೆಯ ನಮ್ಮೂರಲ್ಲಿ ಮಳೆ ನಿಂತು ಹಳ್ಳ ಇಳಿದಾಗ ಒಡ್ಡು ಕಟ್ಟುತ್ತೇವೆ. ಮೊದಲು ಕಲ್ಲು, ಮಣ್ಣು, ಸೊಪ್ಪು. ಈಗ ಮರಳು ತುಂಬಿದ ಸಿಮೆಂಟ್ ಚೀಲ, ಪ್ಲಾಸ್ಟಿಕ್ ಹಾಳೆ. ಕಟ್ಟಿದವನ ತೋಟಕ್ಕೂ ಮನೇಲಿ ಮಲಗಿದವನ ತೋಟಕ್ಕೂ ನೀರು ಒಂದೇ. ಅದಕ್ಕೇ ಮನೆಗೊಂದಾಳು ಎಂಬ ಕಟ್ಟಳೆ. ಬಾರದವನನ್ನು ಸಂಜೆ ಯಾರಾದರೂ "ಎಂತ, ಆರಾಮಿಲ್ಯನ?" ಎಂದು ಕೇಳುತ್ತಿದ್ದರು. ಅದು ಕಾಳಜಿಯಲ್ಲ ಎಂಬುದು ಇಬ್ಬರಿಗೂ ಗೊತ್ತು. ಮರುವರ್ಷ ಅವನೇ ಮೊದಲು ಬಂದಿರುತ್ತಿದ್ದ.

ಮೂರ್ನಾಲ್ಕು ಮನೆಯವರು ತಪ್ಪಿಸತೊಡಗಿದಾಗ ಸಭೆ ಸೇರಿ ಐನೂರು ದಂಡ ಹಾಕಿದೆವು. ಅಡಿಕೆ ಕೊನೆಕೊಯ್ಲಿನ ಕಾಲದಲ್ಲಿ ಗಂಡಾಳಿನ ಕೂಲಿಯೇ ಅದಕ್ಕಿಂತ ಹೆಚ್ಚು. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡನಿಗೆ ಕೊಡುವುದಂತೂ ಬೇರೆಯೇ ಲೆಕ್ಕ. ಅಂದರೆ ನಾಚಿಕೆಗೆ ನಾವೇ ರೇಟು ಕಟ್ಟಿ, ಅದನ್ನೂ ಅಗ್ಗಕ್ಕೆ ಮಾರಿದೆವು. ಇಸ್ರೇಲಿನ ಹೈಫಾದಲ್ಲಿ ಮಕ್ಕಳನ್ನು ತಡವಾಗಿ ಕರೆದೊಯ್ಯುವ ಪೋಷಕರಿಗೆ ಕೆಲವು ಡೇ ಕೇರ್‌ಗಳು 10 ಶೆಕೆಲ್ ದಂಡ ಹಾಕಿದವು. ತಡ ಮಾಡುವವರು ಕಡಿಮೆಯಾಗಲಿಲ್ಲ, ಹೆಚ್ಚುಕಡಿಮೆ ಇಮ್ಮಡಿಯಾದರು. ಗ್ನೀಜಿ ಮತ್ತು ರುಸ್ತಿಕಿನಿ ಎಂಬ ಅರ್ಥಶಾಸ್ತ್ರಜ್ಞರು 2000ದಲ್ಲಿ ಇದನ್ನು ಪ್ರಕಟಿಸಿದರು. ಟೀಚರು ಕಾಯುತ್ತಾರಲ್ಲ ಎಂಬ ಅಳುಕು ಹೋಗಿ, ಕಾಯುವುದಕ್ಕೆ ದುಡ್ಡು ಕೊಟ್ಟಿದ್ದೇವಲ್ಲ ಎಂಬ ಧೈರ್ಯ ಬಂದಿತ್ತು.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ತಪ್ಪಿಸಿಕೊಂಡು ತಿರುಗುವವರಿಗಿಂತ ವಾಸಿ, ಲೆಕ್ಕ ಚುಕ್ತಾ ಮಾಡುತ್ತಾನೆ. ಸಿಟ್ಟಿರುವುದು ಗೈರು, ದಂಡ ಬರೆದಿಡುವ ಆ ಪಟ್ಟಿಯ ಮೇಲೆ.

ಕೆಳಗಿನಮನೆ ಅತ್ತೆ ಒಬ್ಬರೇ ಇರುವುದು. ಅವರ ಮನೆಯಿಂದ ಆಳು ಯಾಕಿಲ್ಲ ಎಂದು ಯಾರೂ ಕೇಳಿದ್ದಿಲ್ಲ. ವಿನಾಯಿತಿ ಕೊಟ್ಟಿದ್ದೇವೆಂದು ಯಾರೂ ಹೇಳಿದ್ದೂ ಇಲ್ಲ. ಹತ್ತು ಗಂಟೆಗೆ ಒಗ್ಗರಣೆ ಅವಲಕ್ಕಿ, ಕ್ಯಾನಿನ ತುಂಬ ಚಾ ಹಳ್ಳದ ದಡಕ್ಕೆ ಬರುತ್ತಿತ್ತು, ಅಷ್ಟೆ. ಪಟ್ಟಿಗೆ ಅವಲಕ್ಕಿ ಕಾಣುವುದಿಲ್ಲ, ಗೈರು ಕಾಣುತ್ತದೆ. ಯಾರೂ ಕೇಳದಿದ್ದರೂ ಅತ್ತೆ ತಾವಾಗಿಯೇ ಐನೂರು ಕಳಿಸಿದ್ದರು. ಈ ಸಲ ಅವಲಕ್ಕಿ ಬರಲಿಲ್ಲ. ಬರಬೇಕಾದರೂ ಯಾಕೆ? ಪೇಟೆಯ ಪ್ಯಾಕೆಟ್ ಖಾರ ತಿಂದು ಚೀಲ ಹೊತ್ತೆವು. ಅದಕ್ಕೂ ದಂಡದ ದುಡ್ಡೇ.

ಈಗ ದಂಡವನ್ನು ಸಾವಿರಕ್ಕೇರಿಸುವ ಮಾತು ಎದ್ದಿದೆ. ಹುಡುಗ ಸಾವಿರ ಕೊಡುತ್ತಾನೆ, ಹೊಳೆಯಾಚೆಯ ಎರಡೆಕರೆಯವನು ಸಾಲ ಮಾಡಿ ಕೊಡಬೇಕು. ದಂಡವನ್ನೇ ತೆಗೆಯೋಣ ಎಂದರೆ, ಹೈಫಾದಲ್ಲಿ ತೆಗೆದ ಮೇಲೂ ತಡ ಮಾಡುವವರು ಮೊದಲಿನ ಮಟ್ಟಕ್ಕೆ ಇಳಿಯಲಿಲ್ಲ. ಏರಿಸುವುದೋ ಇಳಿಸುವುದೋ ಆಮೇಲೆ, ಅತ್ತೆಯ ಐನೂರು ಮೊದಲು ವಾಪಸ್ ಕೊಡಿ ಎಂದು ನಿನ್ನೆ ಮಾವನಿಗೆ ಹೇಳಿದೆ.

ಅವರು ಪಟ್ಟಿ ತಿರುವಿ ನೋಡಿ, "ಜಮಾ ಆಗ್ಹೋಜಲ ಮಾರಾಯಾ" ಅಂದರು.