ಮಾದರಿ ವ್ಯಾಗನ್ನಿನ ಮೇಲೆ ವಾಡಿಯ ಸಿಮೆಂಟ್ ಧೂಳು ಕೊನೆಗೂ ಉಳಿಯಿತು

ನನ್ನ ಮಾದರಿ ರೈಲಿನ ಬಿಸಿಎನ್ ವ್ಯಾಗನ್ (ಮುಚ್ಚಿದ ಸರಕು ಡಬ್ಬಿ) ಮೇಲೆ ಬಣ್ಣದಿಂದ ಕೂರಿಸಿದ ಧೂಳು ವಾರ್ನಿಷ್ ಬಿದ್ದ ಮೇಲೂ ಹಾಗೇ ಇದೆ! ಖುಷಿಗೆ ಈಗಲೇ ಬರೆಯುತ್ತಿದ್ದೇನೆ. ಪ್ರೈಮರ್, ಕಂದು ಬಣ್ಣ, ಡೆಕಾಲ್ (ಅಕ್ಷರ, ಅಂಕಿಯ ಅಂಟುಚಿತ್ರ), ಬೋಗಿಗೆ, ಅಂದರೆ ಚಕ್ರದ ಚೌಕಟ್ಟಿಗೆ, ತುಕ್ಕಿನ ತೆಳು ಬಣ್ಣ ಎಲ್ಲ ನಿಮಗೆ ಗೊತ್ತಿರುವುದೇ, ಬಿಡಿ. ಗೋಳು ಪೂರ್ತಿ ಧೂಳಿನದು.

ಕಲಬುರಗಿ ಹತ್ತಿರದ ಸಿಮೆಂಟ್ ಊರು ವಾಡಿಯ ಜಂಕ್ಷನ್‌ನಲ್ಲಿ ನಿಂತು ನೋಡಿ. ಸಿಮೆಂಟ್ ವ್ಯಾಗನ್ ಸುಮ್ನೆ ಮೈತುಂಬ ಬೆಳ್ಳಗಿರುವುದಿಲ್ಲ. ಚೀಲ ಏರಿಸುವುದು, ಇಳಿಸುವುದು ಪಕ್ಕದ ಬಾಗಿಲಿಂದ, ಹಾಗಾಗಿ ಧೂಳು ಅಲ್ಲೇ ಜಾಸ್ತಿ. ಬಾಗಿಲ ಕೆಳಗಿನ ಅಂಚಲ್ಲಿ ಬೂದು ಪದರ ಗಟ್ಟಿಯಾಗಿ ಕೂತಿರುತ್ತದೆ, ಯಾಕೆಂದರೆ ಸಿಮೆಂಟಿಗೆ ನೀರು ಸೋಕಿದರೆ ಅದು ಕಲ್ಲಾಗುತ್ತದೆ, ಮಳೆ ಪೂರ್ತಿ ತೊಳೆದು ಹಾಕುವುದಿಲ್ಲ. ಚಿಲಕ ಮಾತ್ರ ಕೈ ತಾಗಿ ತಾಗಿ ಬರಿ ಕಬ್ಬಿಣ. ನನಗೆ ಬೇಕಿದ್ದದ್ದು ಆ ಅಂಚು, 1:87ರಲ್ಲಿ, ಅಂದರೆ ಅಸಲಿನ 87ನೇ ಒಂದು ಭಾಗದ ಅಳತೆಯಲ್ಲಿ.

ಮೊದಲು ಶಹಾಬಾದ್ ಪರಸಿಯ (ನೆಲಕ್ಕೆ ಹಾಸುವ ಸುಣ್ಣದ ಕಲ್ಲು) ಪುಡಿಯನ್ನು ಬಟ್ಟೆಯಲ್ಲಿ ಸೋಸಿ ಹಚ್ಚಿದೆ. ಸಿಮೆಂಟ್ ಆಗುವುದೂ ಸುಣ್ಣದ ಕಲ್ಲಿಂದಲೇ ಅಲ್ವಾ, ಬಣ್ಣ ಅಷ್ಟು ಚೆನ್ನಾಗಿ ಹೊಂದಿತು. ಮೇಲೆ ಮ್ಯಾಟ್ ವಾರ್ನಿಷ್ ಹೊಡೆದರೆ ಧೂಳೇ ಮಾಯ. ಟಾಲ್ಕಂ ಪೌಡರ್ ಹಾಕಿದರೂ ಅದೇ ಕತೆ. ಒಣ ಪುಡಿ ಬೆಳ್ಳಗೆ ಕಾಣುವುದು ಕಣಗಳ ನಡುವಿನ ಗಾಳಿಯಿಂದ. ವಾರ್ನಿಷ್ ಆ ಜಾಗ ತುಂಬಿಬಿಡುತ್ತದೆ. ವಾರ್ನಿಷ್ ಬೆಳಕನ್ನು ಬಗ್ಗಿಸುವ ಅಳತೆ ಸುಮಾರು 1.5, ಸುಣ್ಣದ ಕಲ್ಲಿನದು 1.6 ಹತ್ತಿರ. ಹೆಚ್ಚು ಅಂತರವೇ ಇಲ್ಲದ ಮೇಲೆ ಪುಡಿ ಕಾಣುವುದು ಹೇಗೆ? ಬಿಳಿ ಪೇಂಟಿನಲ್ಲಿರುವ ಟೈಟಾನಿಯಂ ಡೈಆಕ್ಸೈಡ್‌ನದು 2.5 ದಾಟುತ್ತದೆ, ಅದು ಒದ್ದೆಯಾದರೂ ಬಿಳಿಯೇ.

ಸರಿ, ಟೈಟಾನಿಯಂ ಪುಡಿ ತರಿಸಿದೆ. ಬಂದ ಪೊಟ್ಟಣದ ಮೇಲೆ ಅನುಮಾನ ಬಂದು ಒಂದು ಹನಿ ವಿನೆಗರ್ ಬಿಟ್ಟೆ, ಬುಸ್ ಅಂತ ನೊರೆ! ಅಪ್ಪಟ ಸೀಮೆಸುಣ್ಣ. ಟೈಟಾನಿಯಂ ಆಗಿದ್ದರೆ ಮಿಸುಕುತ್ತಲೇ ಇರಲಿಲ್ಲ. ಪೊಟ್ಟಣ ಒಡೆದಿದ್ದೀರಿ, ವಾಪಸ್ ಇಲ್ಲ ಅಂದರು ಮಾರಿದವರು. ಒಡೆಯದೆ ಪರೀಕ್ಷೆ ಮಾಡುವುದು ಹೇಗಂತೆ? ಕೊನೆಗೆ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಸ್ಟೇಷನರಿ ಅಂಗಡಿಯಲ್ಲಿ ಟೈಟಾನಿಯಂ ವೈಟ್ ಅಕ್ರಿಲಿಕ್ ಟ್ಯೂಬ್ ಸಿಕ್ಕಿತು.

ನನ್ನ ಮುಂದಿನ ಮಾದರಿ ಬೀದರ್ ಲೈನಿನ ಡೆಮು (ಡೀಸೆಲ್ ಪ್ಯಾಸೆಂಜರ್ ರೈಲು), ಈಗಲೇ ಹೇಳಿಬಿಡುತ್ತೇನೆ. 2017ರಲ್ಲಿ ಶುರುವಾದ ಆ ದಾರಿಯಲ್ಲಿ ಕಲಬುರಗಿ ಕಡೆ ಎರೆಮಣ್ಣು, ಬೀದರ್ ಕಡೆ ಕೆಂಪು ಜಂಬಿಟ್ಟಿಗೆ. ಗಾಡಿಯ ತಳಕ್ಕೆ ಎರಡೂ ಮೆತ್ತಿದ ಹಾಗೆ ಕಾಣಬೇಕು. ಕೆಂಪು ಮೇಲೋ ಕಪ್ಪು ಮೇಲೋ, ಇನ್ನೂ ತೀರ್ಮಾನ ಆಗಿಲ್ಲ.

ವ್ಯಾಗನ್ನಿಗೆ ಬರೋಣ. ಟೈಟಾನಿಯಂ ವೈಟ್‌ಗೆ ಚೂರು ರಾ ಅಂಬರ್ (ಮಣ್ಣಿನ ಕಂದು ಬಣ್ಣ), ಸೂಜಿ ಮೊನೆಯಷ್ಟು ಕಪ್ಪು ಬೆರೆಸಿ ನೀರಾಗಿಸಿ, ಸ್ಪಂಜಿನ ಚೂರಿಂದ ಬಾಗಿಲ ಸುತ್ತ ಒತ್ತಿದೆ. ಹಸಿ ಇರುವಾಗಲೇ ಒದ್ದೆ ಬ್ರಶ್ಶಿಂದ ಕೆಳಕ್ಕೆ ಎಳೆದೆ, ಮಳೆ ಗೆರೆ ಬಂತು. ಒಣಗಿದ ಮೇಲೆ ವಾರ್ನಿಷ್. ನಮ್ಮ ಬೇಸಿಗೆಯಲ್ಲಿ ಸ್ಪ್ರೇ ಗಾಳಿಯಲ್ಲೇ ಒಣಗಿ ಮರಳು ಮರಳಾಗುತ್ತದೆ, ಬೆಳಗಿನ ಜಾವವೇ ಹೊಡೆಯಬೇಕು. ಕಡೆಗೆ ಅಂಚಿನ ಮೂಲೆಗೆ ಅದೇ ಪರಸಿ ಪುಡಿ, ಮೇಲೊಂದು ಹನಿ ಐಸೋಪ್ರೊಪೈಲ್ ಆಲ್ಕೋಹಾಲ್. ಅದು ಕೆಳಗಿನ ಅಕ್ರಿಲಿಕ್ ವಾರ್ನಿಷನ್ನು ಚೂರು ಮೆತ್ತಗೆ ಮಾಡಿ ಪುಡಿಯನ್ನು ಹಿಡಿಸಿ ಆರಿಹೋಗುತ್ತದೆ, ಗಾಳಿಯ ಜಾಗ ಹಾಗೇ ಉಳಿಯುತ್ತದೆ. ಎರಡನೇ ಹನಿ ಬೇಡ, ಬಣ್ಣವೇ ಎದ್ದು ಬರುತ್ತದೆ.

ಪುಡಿಯ ಮೇಲೆ ಮತ್ತೆ ವಾರ್ನಿಷ್ ಹೊಡೆಯುವುದಿಲ್ಲ. ಇನ್ನು ಮೇಲೆ ವ್ಯಾಗನ್ ಎತ್ತುವುದು ಎರಡು ತುದಿ ಹಿಡಿದೇ.