ಇಪ್ಪತ್ತೊಂದರ ಲೆಕ್ಕ

14 ನವೆಂಬರ್ 2024, ಗುರುವಾರ

ಬ್ಲ್ಯಾಕ್‌ಜಾಕ್ ಅಂದರೆ ಎಲೆಗಳ ಮೊತ್ತ 21 ದಾಟದಂತೆ ನೋಡಿಕೊಂಡು ಡೀಲರ್ ಮೊತ್ತವನ್ನು ಮೀರಿಸುವ ಇಸ್ಪೀಟಾಟ. ಅದರ ಮೇಜಿನಲ್ಲಿ ಕ್ಯಾಸಿನೊಗೆ ಲಾಭ ಹುಟ್ಟುವುದಕ್ಕೆ ಡೀಲರ್, ಅಂದರೆ ಕ್ಯಾಸಿನೊ ಪರ ಎಲೆ ಹಂಚಿ ಆಡುವವನ, ಕೈಚಳಕವೇನೂ ಬೇಕಿಲ್ಲ. ಆಟಗಾರ ಮೊದಲು ಆಡಬೇಕು ಅನ್ನುವ ನಿಯಮವೊಂದೇ ಸಾಕು. ನಿಮ್ಮ ಮೊತ್ತ 21 ದಾಟಿತೋ, ಪಣ ಹೋದ ಹಾಗೇ. ಆಮೇಲೆ ಡೀಲರ್ ಕೂಡ 21 ದಾಟಿದರೂ ಅದು ವಾಪಸ್ ಬರುವುದಿಲ್ಲ. ಡೀಲರ್ ಮಾಡಿದಂತೆಯೇ 16ರವರೆಗೆ ಎಲೆ ಎಳೆದು 17ಕ್ಕೆ ನಿಲ್ಲುವವರು ನೂರಕ್ಕೆ ಐದೂವರೆಯ ಆಸುಪಾಸು ಕಳೆದುಕೊಳ್ಳುವುದು ಇದರಿಂದಲೇ.

ಆಟ ಹಳೆಯದು. ಸ್ಪೇನಿನ ಸರ್ವಾಂಟಿಸ್ 1613ರಲ್ಲಿ ಪ್ರಕಟಿಸಿದ ಕಥೆಯೊಂದರಲ್ಲಿ ಇಬ್ಬರು ಪೋಕರಿ ಹುಡುಗರು 21ರ ಆಟ ಆಡಿ ಜನರನ್ನು ಬೋಳಿಸುತ್ತಾರೆ. 18ನೇ ಶತಮಾನದ ಹೊತ್ತಿಗೆ ಫ್ರೆಂಚರಿಗೂ ಇದರ ಗೀಳು ಹಿಡಿದಿತ್ತು. ಹೇಗೆ ಆಡಬೇಕು ಅನ್ನುವ ಲೆಕ್ಕ ಮಾತ್ರ ತಡವಾಗಿ ಬಂತು. ಅಮೆರಿಕದ ಅಬರ್ಡೀನ್ ಸೇನಾನೆಲೆಯಲ್ಲಿದ್ದ ಬಾಲ್ಡ್ವಿನ್, ಕ್ಯಾಂಟಿ, ಮೈಸೆಲ್, ಮೆಕ್‌ಡರ್ಮಟ್ ಎಂಬ ನಾಲ್ವರು ಮೇಜಿನ ಕ್ಯಾಲ್ಕುಲೇಟರ್‌ಗಳಲ್ಲೇ ಒಂದೊಂದು ಸಂದರ್ಭವನ್ನೂ ಗುಣಿಸಿ, 1956ರಲ್ಲಿ ಸಂಖ್ಯಾಶಾಸ್ತ್ರದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಬಳಿಕ ಎಡ್ವರ್ಡ್ ಥಾರ್ಪ್ ಕಂಪ್ಯೂಟರ್‌ನಲ್ಲಿ ಅದನ್ನು ಇನ್ನಷ್ಟು ನಿಖರಗೊಳಿಸಿದ.

ಯಾವ ಕೈಗೆ ಏನು ಮಾಡಬೇಕು ಎಂದು ಆ ಲೆಕ್ಕದಿಂದ ಹುಟ್ಟಿದ ಇವತ್ತಿನ ಪಟ್ಟಿಯಂತೆ ತಪ್ಪಿಲ್ಲದೆ ಆಡಿದರೆ, ನಿಯಮ ಚೆನ್ನಾಗಿರುವ ಆರು ಕಟ್ಟಿನ ಮೇಜಿನಲ್ಲಿ ನಷ್ಟ ನೂರಕ್ಕೆ ಸುಮಾರು ಅರ್ಧ. ಪಟ್ಟಿಯ ಜೀವ ಇರುವುದು ಡೀಲರ್ ತೆರೆದಿಟ್ಟ ಎಲೆಯಲ್ಲಿ. ಅದು 5 ಅಥವಾ 6 ಆಗಿದ್ದರೆ ಡೀಲರ್ 21 ದಾಟುವ ಸಾಧ್ಯತೆ ನೂರಕ್ಕೆ 42ರಷ್ಟು. ನಿಮ್ಮ ಕೈಯಲ್ಲಿ 12 ಇದ್ದರೂ ಸುಮ್ಮನೆ ನಿಲ್ಲಿ. 2 ಅಥವಾ 3 ತೆರೆದಿದ್ದರೆ ಅದೇ 12ಕ್ಕೆ ಇನ್ನೊಂದು ಎಲೆ ಕೇಳಬೇಕು. ಕೆಡುವುದು ಹದಿಮೂರರಲ್ಲಿ ನಾಲ್ಕು ಎಲೆಗಳಿಂದ ಮಾತ್ರ, ಅಂದರೆ ಹತ್ತು, ಮತ್ತು ಹತ್ತರ ಲೆಕ್ಕಕ್ಕೇ ಬರುವ ಗುಲಾಮ, ರಾಣಿ, ರಾಜ.

ಕೈ ನಡುಗುವುದು ನಿಮ್ಮ 16ಕ್ಕೆ ಎದುರು 10 ಬಂದಾಗ. ಎಲೆ ಕೇಳಿದರೆ ಹದಿಮೂರರಲ್ಲಿ ಎಂಟು ನಿಮ್ಮನ್ನು ಮುಳುಗಿಸುತ್ತವೆ. ನಿಂತರೆ ಡೀಲರ್ ಐದರಲ್ಲಿ ಸುಮಾರು ನಾಲ್ಕು ಸಲ 17 ಮುಟ್ಟಿ ನಿಮ್ಮನ್ನು ಸೋಲಿಸುತ್ತಾನೆ. ಎರಡರಲ್ಲೂ ನೂರರ ಪಣಕ್ಕೆ ಸರಾಸರಿ ನಷ್ಟ 54ರ ಹತ್ತಿರ. ಕೇಳುವುದು ಕೂದಲೆಳೆಯಷ್ಟು ಮೇಲು. ಸರೆಂಡರ್ ಸೌಲಭ್ಯವಿದ್ದರೆ ಅರ್ಧ ಪಣ ಬಿಟ್ಟು ಕೈ ತೊಳೆದುಕೊಳ್ಳಿ, 50ಕ್ಕೇ ಮುಗಿಯುತ್ತದೆ. ಆ 16 ಎರಡು ಎಂಟುಗಳಿಂದ ಆಗಿದ್ದರೆ ಮಾತು ಬೇರೆ: ಬೇರ್ಪಡಿಸಿ ಎರಡು ಕೈ ಮಾಡಿ. ಗೆಲ್ಲುತ್ತೀರಿ ಅಂತಲ್ಲ, ಏಟು ಕಡಿಮೆಯಾಗುತ್ತದೆ. ಎಕ್ಕದ ಜೋಡಿಯನ್ನೂ ಯಾವಾಗಲೂ ಬೇರ್ಪಡಿಸಿ. ಹತ್ತರ ಜೋಡಿ, ಐದರ ಜೋಡಿಯನ್ನು ಮುಟ್ಟಬೇಡಿ.

ಅನುಭವಿಗಳೂ ಎಡವುವ ಕೈ ಎಕ್ಕ-ಏಳು. ಎಕ್ಕವನ್ನು 11 ಎಂದು ಎಣಿಸಿದರೆ ಬರುವ 18 ಕಣ್ಣಿಗೆ ಚೆಂದ ಕಾಣುವುದರಿಂದ ಎಲ್ಲರೂ ನಿಲ್ಲುತ್ತಾರೆ. ಎದುರು 9, 10 ಅಥವಾ ಎಕ್ಕ ಇದ್ದರೆ ಅದು ಸೋಲುವ 18. ಎಕ್ಕ ಬೇಕಾದಾಗ 1 ಆಗಿಬಿಡುವುದರಿಂದ ಒಂದು ಎಲೆಗೆ 21 ದಾಟುವ ಭಯವಿಲ್ಲ, ಧೈರ್ಯವಾಗಿ ಕೇಳಿ. 3ರಿಂದ 6ರವರೆಗೆ ಪಣ ಇಮ್ಮಡಿ ಮಾಡಬೇಕು. 2, 7, 8ಕ್ಕೆ ಮಾತ್ರ ನಿಲ್ಲುವುದು.

ಡೀಲರ್ ಎಕ್ಕ ತೋರಿಸಿ 'ಇನ್ಶೂರೆನ್ಸ್', ಅಂದರೆ ತನ್ನ ಮುಚ್ಚಿದ ಎಲೆ ಹತ್ತರದು ಎಂಬುದರ ಮೇಲೆ ಬೇರೆ ಪಣ, ಬೇಕೇ ಎಂದು ಕೇಳಿದರೆ ಬೇಡ ಅನ್ನಿ. ಒಂದಕ್ಕೆ ಎರಡು ಕೊಡುವ ಆ ಪಣ ಗಿಟ್ಟಬೇಕಾದರೆ ಮುಚ್ಚಿದ ಎಲೆ ಮೂರರಲ್ಲಿ ಒಂದು ಸಲ ಹತ್ತರದಾಗಿರಬೇಕು. ಆರು ಕಟ್ಟಿನಲ್ಲಿ ಆ ಎಕ್ಕ ಕಳೆದರೆ ಉಳಿಯುವುದು 311 ಎಲೆ, ಹತ್ತರವು 96. ಅಂದರೆ ನೂರಕ್ಕೆ 31ರೊಳಗೆ.

ಇಷ್ಟೆಲ್ಲ ಕಲಿತೂ ತಪ್ಪು ಮೇಜಿಗೆ ಕೂತರೆ ನೀರಿನಲ್ಲಿ ಹೋಮ. ಮೇಜಿನ ಬಟ್ಟೆಯ ಮೇಲೆ ಬ್ಲ್ಯಾಕ್‌ಜಾಕ್‌ಗೆ, ಅಂದರೆ ಮೊದಲ ಎರಡೇ ಎಲೆಯಲ್ಲಿ ಎಕ್ಕ ಮತ್ತು ಹತ್ತರದು ಬಂದ 21ಕ್ಕೆ, 2ಕ್ಕೆ 3 ಎಂದಿದೆಯೋ, 5ಕ್ಕೆ 6 ಎಂದೋ ಓದಿ. ಎರಡನೆಯದೇ ತಪ್ಪು ಮೇಜು: 2ಕ್ಕೆ 3 ಕೊಡುವಲ್ಲಿ ಹತ್ತರ ಪಣಕ್ಕೆ 15 ಬಂದರೆ, ಇಲ್ಲಿ ಬರುವುದು 12. ಆ ಕೈ ಸುಮಾರು 21 ಆಟಕ್ಕೊಮ್ಮೆ ಬರುವುದರಿಂದ ಕ್ಯಾಸಿನೊ ಪಾಲು ನೂರಕ್ಕೆ 1.4ರಷ್ಟು ಹೆಚ್ಚುತ್ತದೆ.